ಅಜ್ಜಿಯ ಕನ್ನಡಕ ತೆಗೆಸಿದ ಮೇಲೆ: ಛಾಯಾಚಿತ್ರದಲ್ಲಿ ನಮ್ಮ ಗುರುತು ಎಲ್ಲಿರುತ್ತದೆ?

ಪ್ರಶ್ನೆ

ನಮಸ್ಕಾರ. ನಾನು ನನ್ನ ಸಮುದಾಯದಿಂದ ದೂರದಲ್ಲಿ, ಅದರ ಭಾಷೆಯನ್ನು ಅರ್ಧಂಬರ್ಧ ಕಲಿತು ಬೆಳೆದವನು. ನಾನು ಎಲ್ಲಿಗೆ ಸೇರಿದವನು ಎಂಬುದನ್ನು ಕ್ಯಾಮೆರಾ ಹಿಡಿದಾದರೂ ತಿಳಿದುಕೊಳ್ಳೋಣವೆಂದು ಒಂದು ವರ್ಷದಿಂದ ಮನೆಯ ಹಿರಿಯರ ಭಾವಚಿತ್ರಗಳನ್ನು ತೆಗೆಯುತ್ತಿದ್ದೇನೆ. ಮೊನ್ನೆ ಅಜ್ಜಿಯನ್ನು ಕಿಟಕಿಯ ಬಳಿ ಕೂರಿಸಿ, ಪ್ಲಾಸ್ಟಿಕ್ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಗೋಡೆಯಲ್ಲಿ ನೇತಾಡುತ್ತಿದ್ದ ಮೊಬೈಲ್ ಚಾರ್ಜರನ್ನು ಕಿತ್ತು, ಪೆಟ್ಟಿಗೆಯಲ್ಲಿದ್ದ ಹಳೆಯ ಉಡುಗೆಯನ್ನು ತೊಡಿಸಿ, ಗಾಜು ಹೊಳೆಯುತ್ತದೆಂದು ಕನ್ನಡಕವನ್ನೂ ತೆಗೆಸಿ ಚಿತ್ರ ತೆಗೆದೆ. ನೋಡಿದವರೆಲ್ಲ ಮೆಚ್ಚಿದರು. ಅಜ್ಜಿ ಮಾತ್ರ ಪ್ರಿಂಟನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಇದು ನಮ್ಮಜ್ಜಿ ಇದ್ದ ಹಾಗಿದೆ. ನಾನೆಲ್ಲಿ?" ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಹಳೆಯದನ್ನು ದಾಖಲಿಸಬೇಕೆಂಬ ನನ್ನ ಆಸೆ ಸುಳ್ಳಲ್ಲ, ಆದರೆ ಅಜ್ಜಿಯ ಮಾತೂ ಸುಳ್ಳಲ್ಲ. ಚೌಕಟ್ಟಿನೊಳಗೆ ಏನನ್ನು ಉಳಿಸಬೇಕು, ಏನನ್ನು ತೆಗೆಯಬೇಕು ಎಂಬುದನ್ನು ಇಂಥ ಕೆಲಸ ಮಾಡಿದವರು ಹೇಗೆ ತೀರ್ಮಾನಿಸುತ್ತೀರಿ?

ಉತ್ತರ 1

ನಿಮ್ಮ ಚಾರ್ಜರಿಗೆ ನೂರು ವರ್ಷಕ್ಕೂ ಹಿರಿಯ ಅಣ್ಣನೊಬ್ಬನಿದ್ದಾನೆ. ಅಮೆರಿಕದ ಮೂಲನಿವಾಸಿಗಳನ್ನು ಕುರಿತು 1907ರಿಂದ 1930ರವರೆಗೆ 20 ಸಂಪುಟಗಳನ್ನು ಹೊರತಂದ ಛಾಯಾಗ್ರಾಹಕ ಎಡ್ವರ್ಡ್ ಕರ್ಟಿಸ್, 1910ರ ಒಂದು ಚಿತ್ರದಲ್ಲಿ ಪೀಗನ್ ಸಮುದಾಯದ ತಂದೆ ಮಗ ಇಬ್ಬರನ್ನು ಅವರ ಗುಡಾರದೊಳಗೆ ಕೂರಿಸಿದ್ದಾರೆ. ಮೂಲ ನೆಗೆಟಿವ್‌ನಲ್ಲಿ ಇಬ್ಬರ ನಡುವೆ ಒಂದು ಗಡಿಯಾರವಿದೆ. ಅಚ್ಚಾದ ಚಿತ್ರದಲ್ಲಿ ಅದನ್ನು ತಿದ್ದಿ ಅಳಿಸಲಾಗಿದೆ. ಈ ಜನ ಅಳಿದುಹೋಗುತ್ತಿದ್ದಾರೆ ಎಂಬ ನಂಬಿಕೆಯಿಂದಲೇ ಆತ ಕೆಲಸಕ್ಕಿಳಿದಿದ್ದರಿಂದ, ಅವರು ಆ ಕಾಲದಲ್ಲೇ ಬದುಕುತ್ತಿದ್ದಾರೆಂದು ಸಾರುವ ವಸ್ತುವಿಗೆ ಅಲ್ಲಿ ಜಾಗವಿರಲಿಲ್ಲ. ಕರ್ಟಿಸ್ ಕಳ್ಳರೆಂದು ನಾನು ಹೇಳುತ್ತಿಲ್ಲ. ಆ ಸಮುದಾಯಗಳ ಇಂದಿನ ಪೀಳಿಗೆಯವರಲ್ಲಿಯೇ ಎಷ್ಟೋ ಮಂದಿ ತಮ್ಮ ಹಿರಿಯರ ಮುಖ ನೋಡಲು ಅದೇ ಸಂಪುಟಗಳನ್ನು ತೆರೆಯುತ್ತಾರೆ. ಆದರೂ ನನಗೆ ಆ ಚಿತ್ರದಲ್ಲಿ ಅತ್ಯಂತ ಬೆಲೆಯುಳ್ಳ ವಸ್ತು ಆ ಗಡಿಯಾರವೇ.

ನಾನು ಪಾಲಿಸುವ ಕ್ರಮ ಸರಳವಾದದ್ದು. ಕೋಣೆಗೆ ಕಾಲಿಟ್ಟ ಕೂಡಲೇ, ಒಂದು ವಸ್ತುವನ್ನೂ ಮುಟ್ಟದೆ, ಮೊದಲ ನಾಲ್ಕೈದು ಚಿತ್ರಗಳನ್ನು ತೆಗೆದುಬಿಡುತ್ತೇನೆ. ಆಮೇಲೆ ಏನನ್ನಾದರೂ ಸರಿಸಬೇಕೆನಿಸಿದರೆ, ಅದು ಬೆಳಕಿಗೆ ಅಡ್ಡ ಬರುತ್ತಿದೆಯೋ ಅಥವಾ ನನ್ನ ಕಲ್ಪನೆಗೆ ಅಡ್ಡ ಬರುತ್ತಿದೆಯೋ ಎಂದು ಕೇಳಿಕೊಳ್ಳುತ್ತೇನೆ. ಕನ್ನಡಕದ ಹೊಳಪಿಗೆ ಕನ್ನಡಕ ತೆಗೆಸಬೇಕಾಗಿಲ್ಲ. ಕಾಲುಗಳನ್ನು ತುಸು ಮೇಲೆತ್ತಿ ಗಾಜು ಕೆಳಮುಖವಾಗುವಂತೆ ಕೂರಿಸಿದರೆ, ಇಲ್ಲವೇ ಕಿಟಕಿಯ ಕಡೆಗಿನ ಮುಖವನ್ನು ಸ್ವಲ್ಪ ತಿರುಗಿಸಿದರೆ ಸಾಕು. (ಕಾಲು ಎಂದರೆ ಕನ್ನಡಕದ ಕಾಲು, ಅಜ್ಜಿಯದಲ್ಲ.)

ಉತ್ತರ 2

ಮೇಲಿನವರ ಮಾತನ್ನು ಅರ್ಧ ಒಪ್ಪುತ್ತೇನೆ. ಇದ್ದದ್ದನ್ನು ಇದ್ದಂತೆ ತೆಗೆದರೆ ಸತ್ಯ, ಜೋಡಿಸಿದರೆ ಸುಳ್ಳು ಎಂಬ ಧ್ವನಿ ಅದರಲ್ಲಿದೆ. ಮಾಲಿ ದೇಶದ ಬಮಾಕೊ ನಗರದಲ್ಲಿ 1948ರಲ್ಲಿ ಸ್ಟುಡಿಯೋ ತೆರೆದ ಸೇಯ್ದು ಕೇಯ್ತಾ ಅವರ ಭಾವಚಿತ್ರಗಳಲ್ಲಿ ಎಲ್ಲವೂ ಜೋಡಿಸಿದ್ದೇ. ಆರಂಭದಲ್ಲಿ ಅವರ ಹಿನ್ನೆಲೆಯ ಪರದೆ ಮಂಚದ ಹೊದಿಕೆಯಾಗಿತ್ತು. ಕೈಗಡಿಯಾರ, ಪೆನ್ನು, ರೇಡಿಯೋ, ಸ್ಕೂಟರ್ ಮುಂತಾದವು ಸ್ಟುಡಿಯೋದಲ್ಲೇ ಇರುತ್ತಿದ್ದವು. ಬಂದವರು ತಮಗೆ ಬೇಕಾದದ್ದನ್ನು ಹಿಡಿದು ಕೂರುತ್ತಿದ್ದರು. ರೇಡಿಯೋ ಅವರದಲ್ಲದಿರಬಹುದು, ಆದರೆ ರೇಡಿಯೋ ಹಿಡಿದು ಕೂರಬೇಕೆಂಬ ಆಸೆ ಅವರದೇ. ಹೇಗೆ ಕಾಣಬೇಕೆಂಬ ಆಸೆಯೂ ಗುರುತಿನ ಭಾಗವಲ್ಲವೇ?

ಸ್ಯಾಮ್ಯುಯೆಲ್ ಫೊಸೊ ಅವರ ಕಥೆ ನಿಮಗೆ ಇನ್ನೂ ಹತ್ತಿರದ್ದು. ಯುದ್ಧದಿಂದಾಗಿ ನೈಜೀರಿಯಾ ಬಿಟ್ಟು ಮಧ್ಯ ಆಫ್ರಿಕಾದ ಬಾಂಗಿಗೆ ಬಂದ ಆ ಹುಡುಗ 1975ರಲ್ಲಿ, ಹದಿಮೂರನೆಯ ವಯಸ್ಸಿಗೇ ಸ್ವಂತ ಸ್ಟುಡಿಯೋ ಇಟ್ಟ. ಗಿರಾಕಿಗಳ ಚಿತ್ರ ಮುಗಿದು ರೋಲಿನಲ್ಲಿ ಉಳಿದ ಫ್ರೇಮುಗಳಲ್ಲಿ ತನ್ನದೇ ಚಿತ್ರ ತೆಗೆದುಕೊಂಡು, ತಾನು ಚೆನ್ನಾಗಿದ್ದೇನೆಂದು ತಿಳಿಸಲು ನೈಜೀರಿಯಾದಲ್ಲಿದ್ದ ಅಜ್ಜಿಗೆ ಕಳುಹಿಸುತ್ತಿದ್ದ. ಅಲ್ಲಿ ಕ್ಯಾಮೆರಾದ ಮುಂದೆ ಕೂತದ್ದು ಮೊಮ್ಮಗ, ನೋಡುವವರು ಅಜ್ಜಿ. ನಿಮ್ಮದು ಇದರ ತಿರುವುಮುರುವು.

ಆದ್ದರಿಂದ ಜೋಡಿಸಿದ್ದು ನಿಮ್ಮ ತಪ್ಪಲ್ಲ, ಜೋಡಿಸುವಾಗ ಅಜ್ಜಿಯನ್ನು ಕೇಳದೆ ಇದ್ದದ್ದು ತಪ್ಪು. "ಹೇಗೆ ತೆಗೆಯಲಿ, ಏನು ಉಡುತ್ತೀರಿ, ಎಲ್ಲಿ ಕೂರುತ್ತೀರಿ?" ಎಂದು ಕೇಳಿ ನೋಡಿ. ಮೊಮ್ಮಗನಾದ ಮಾತ್ರಕ್ಕೆ ಒಳಗಿನವನಾದೆನೆಂಬ ಭರವಸೆಯೂ ಬೇಡ. ಕ್ಯಾಮೆರಾ ಹಿಡಿದವನು ಅಷ್ಟರಮಟ್ಟಿಗೆ ಹೊರಗಿನವನೇ.

ಉತ್ತರ 3

ಇಬ್ಬರೂ ಚಿತ್ರದ ಒಳಗನ್ನು ಕುರಿತು ಬರೆದಿದ್ದೀರಿ. ಚಿತ್ರದ ಕೆಳಗಿನ ಬರಹವನ್ನು ಯಾರೂ ಪ್ರಸ್ತಾಪಿಸಲಿಲ್ಲ. ವಸಾಹತು ಆಡಳಿತ 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟಿಸಿದ 'ದಿ ಪೀಪಲ್ ಆಫ್ ಇಂಡಿಯಾ'ದಲ್ಲಿ ಎಷ್ಟೋ ಮುಖಗಳ ಕೆಳಗೆ ವ್ಯಕ್ತಿಯ ಹೆಸರಿಲ್ಲ, ಜಾತಿಯದೋ ಬುಡಕಟ್ಟಿನದೋ ಹೆಸರಿದೆ. ಹಾಗೆ ಬರೆದೊಡನೆ ಕ್ಯಾಮೆರಾದ ಮುಂದೆ ನಿಂತಿದ್ದ ಮನುಷ್ಯ ಮಾದರಿಯಾಗಿಬಿಡುತ್ತಾನೆ. ನಿಮ್ಮ ಚಿತ್ರದ ಕೆಳಗೆ "ಸಾಂಪ್ರದಾಯಿಕ ಉಡುಗೆಯಲ್ಲಿ ವೃದ್ಧೆ" ಎಂದು ಬರೆದಿದ್ದರೆ ಮೊದಲು ಅದನ್ನು ಅಳಿಸಿ.

ಇದಕ್ಕೆ ವಿರುದ್ಧ ದಿಕ್ಕಿನ ಕೆಲಸವನ್ನು ಅಮೆರಿಕದ ಮೂಲನಿವಾಸಿಗಳಾದ ಕ್ರೋ ಸಮುದಾಯದ ಕಲಾವಿದೆ ವೆಂಡಿ ರೆಡ್ ಸ್ಟಾರ್ 2014ರಲ್ಲಿ ಮಾಡಿದರು. 1880ರಲ್ಲಿ ಮಾತುಕತೆಗೆಂದು ವಾಷಿಂಗ್ಟನ್‌ಗೆ ಹೋಗಿದ್ದ ತಮ್ಮ ಸಮುದಾಯದ ಮುಖಂಡರ ಸ್ಟುಡಿಯೋ ಚಿತ್ರಗಳನ್ನು ಮರುಮುದ್ರಿಸಿ, ಆ ಪ್ರಿಂಟುಗಳ ಮೇಲೆಯೇ ಕೆಂಪು ಶಾಯಿಯಲ್ಲಿ ಟಿಪ್ಪಣಿ ಬರೆದರು: ಇವರು ಯಾರು, ಈ ಆಭರಣದ ಅರ್ಥವೇನು, ಈ ಗುರುತನ್ನು ಯಾವ ಸಾಹಸಕ್ಕಾಗಿ ಪಡೆದರು. ಅದೇ ಚಿತ್ರ, ಅದೇ ಮುಖ. ಓದುವ ಬಗೆಯೇ ಬದಲಾಗಿದೆ. ನೀವು ತೆಗೆದ ಚಿತ್ರವನ್ನೂ ಎಸೆಯಬೇಡಿ. ಒಂದು ಪ್ರತಿಯನ್ನು ಅಜ್ಜಿಯ ಕೈಗೆ ಕೊಟ್ಟು, ಎಲ್ಲಿ ತಪ್ಪಾಗಿದೆಯೋ ಅಲ್ಲಿ ಬರೆಯಲು ಹೇಳಿ. ಬರೆಯಲಾಗದಿದ್ದರೆ ಅವರು ಹೇಳಲಿ, ನೀವು ಬರೆಯಿರಿ. ಬೇರೆಯವರಿಗೆ ತೋರಿಸಬಹುದೇ ಎಂದೂ ಆಗಲೇ ಕೇಳಿ; ಬೇಡವೆಂದರೆ ಅಲ್ಲಿಗೆ ಮುಗಿಯಿತು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದ. ಭಾನುವಾರ ಪ್ರಿಂಟನ್ನು ಅಜ್ಜಿಯ ಮುಂದಿಟ್ಟೆ. ಆ ಉಡುಗೆ ಅವರದ್ದೇ ಅಲ್ಲವಂತೆ, ಅವರ ಅತ್ತೆಯದಂತೆ. ಅದನ್ನು ಅವರು ಒಮ್ಮೆಯೂ ತೊಟ್ಟಿರಲಿಲ್ಲವಂತೆ. ಒಂದು ವರ್ಷದಲ್ಲಿ ನಾನು ಕೇಳದೇ ಇದ್ದ ಪ್ರಶ್ನೆಗೆ ಅರ್ಧ ನಿಮಿಷದಲ್ಲಿ ಉತ್ತರ ಸಿಕ್ಕಿತು. ಹೊಸ ಚಿತ್ರಕ್ಕೆ ಅವರೇ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು, ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡು, "ನೀನೂ ಬಾ" ಎಂದರು. ಹತ್ತು ಸೆಕೆಂಡಿನ ಟೈಮರ್ ಇಟ್ಟು ಓಡಿದೆ. ಚಿತ್ರದಲ್ಲಿ ಅಜ್ಜಿ ನಗುತ್ತಿದ್ದಾರೆ, ನನ್ನ ಬೆನ್ನು ಮಾತ್ರ ಇದೆ. ಅವರಿಗೆ ಅದೇ ಬೇಕಂತೆ. ಇನ್ನೊಂದು ಸಣ್ಣ ಪ್ರಶ್ನೆ: ಪ್ರಿಂಟಿನ ಹಿಂಬದಿಯಲ್ಲಿ ಅವರು ಹೇಳಿದ್ದನ್ನು ಬರೆಯಲು ಯಾವ ಪೆನ್ನು ಸೂಕ್ತ?

ಉತ್ತರ 3 ಬರೆದವರಿಂದ

ಬಾಲ್‌ಪಾಯಿಂಟ್ ಬೇಡ, ಒತ್ತಿದ ಅಕ್ಷರ ಮುಂದಿನ ಬದಿಗೆ ಉಬ್ಬಿ ಕಾಣುತ್ತದೆ. ಹಳೆಯ ಮಾದರಿಯ ಕಾಗದವಾದರೆ ಮೆತ್ತನೆಯ ಪೆನ್ಸಿಲ್ ಸಾಕು. ಈಗಿನ ಪ್ಲಾಸ್ಟಿಕ್ ಲೇಪದ ಕಾಗದದ ಮೇಲೆ ಪೆನ್ಸಿಲ್ ಸರಿಯಾಗಿ ಮೂಡುವುದಿಲ್ಲವಾದ್ದರಿಂದ ಬಣ್ಣಗೆಡದ ಪಿಗ್ಮೆಂಟ್ ಶಾಯಿಯ ಪೆನ್ನಿನಲ್ಲಿ, ಅಂಚಿನ ಬಳಿ, ಒತ್ತದೆ ಬರೆಯಿರಿ. ಪೂರ್ತಿ ಒಣಗುವ ಮುನ್ನ ಇನ್ನೊಂದು ಪ್ರಿಂಟನ್ನು ಅದರ ಮೇಲಿಡಬೇಡಿ.