ಪ್ರಶ್ನೋತ್ತರ: ಮಳೆಗಾಲದ ಜನರೇಟರ್, ಕೆಪಾಸಿಟರ್, ಕರೆಂಟ್ ಬಿಲ್
(ಕೊಡಗಿನ ಸರ್ಕಾರಿ ಕಟ್ಟಡಗಳ ವಿದ್ಯುತ್ ನೋಡಿಕೊಳ್ಳುವವರ ಗುಂಪು. ಉತ್ತರ: ಎನರ್ಜಿ ಮ್ಯಾನೇಜರ್)

ಆಸ್ಪತ್ರೆ ಎಲೆಕ್ಟ್ರಿಷಿಯನ್: ಸರ್, ತೋಟದ ಮೇಲೆ ಹಾದುಬರುವ 11 ಕೆವಿ ಲೈನಿಗೆ ಕೊಂಬೆ ಬಿದ್ದರೆ ರಾತ್ರಿಯಿಡೀ 62.5 ಕೆವಿಎ ಜನರೇಟರೇ ಗತಿ. ಹಗಲು ತೊಂದರೆ ಇಲ್ಲ. ಮಧ್ಯರಾತ್ರಿ ಆಯ್ತು ಅಂದ್ರೆ ವೋಲ್ಟೇಜ್ 265. ಎಲ್‌ಇಡಿ ಡ್ರೈವರ್ ಸುಡ್ತಿವೆ, ಲಸಿಕೆ ಫ್ರಿಜ್ಜಿನ ಸ್ಟೆಬಿಲೈಸರ್ ಕಟ್ ಆಗ್ತಿದೆ. ಎವಿಆರ್ (ಜನರೇಟರಿನ ವೋಲ್ಟೇಜ್ ಹಿಡಿದಿಡುವ ಘಟಕ) ಬದಲಿಸಬೇಕಾ?

ಎನರ್ಜಿ ಮ್ಯಾನೇಜರ್: ತಡೀರಿ. ಫಿಕ್ಸೆಡ್ ಕೆಪಾಸಿಟರ್ (ಲೋಡ್ ಎಷ್ಟೇ ಇರಲಿ, ಲೈನಿಗೆ ಸೇರಿಕೊಂಡೇ ಇರುವುದು) ಎಷ್ಟಿದೆ? ರಾತ್ರಿ ಲೋಡ್?

ಆಸ್ಪತ್ರೆ ಎಲೆಕ್ಟ್ರಿಷಿಯನ್: 30 ಕೆವಿಎಆರ್ (ಮೋಟಾರಿನಂಥವುಗಳ ಕಾಂತಕ್ಷೇತ್ರಕ್ಕೆ ಬೇಕಾಗುವ ರಿಯಾಕ್ಟಿವ್ ಪವರಿನ ಅಳತೆ). ಲೋಡ್ 18 ಕಿಲೋವ್ಯಾಟ್.

ಎನರ್ಜಿ ಮ್ಯಾನೇಜರ್: ಎವಿಆರ್ ಮುಟ್ಟಬೇಡಿ. 18 ಕಿಲೋವ್ಯಾಟ್ ಲೋಡಿಗೆ ಹೆಚ್ಚೆಂದರೆ 11 ಕೆವಿಎಆರ್ ಬೇಕು. ಉಳಿದ 19 ಲೀಡಿಂಗ್ ಆಗಿ, ಅಂದ್ರೆ ಲೋಡಿಗೆ ಬೇಡದ್ದಾಗಿ, ಆಲ್ಟರ್ನೇಟರ್ (ಜನರೇಟರಿನಲ್ಲಿ ಕರೆಂಟ್ ಹುಟ್ಟಿಸುವ ಭಾಗ) ಮೇಲೆ ಬೀಳುತ್ತೆ. ಎವಿಆರ್ ಎಕ್ಸೈಟೇಶನ್ (ಆಲ್ಟರ್ನೇಟರಿನ ಕಾಂತಕ್ಕೆ ಕೊಡುವ ಕರೆಂಟ್) ಪೂರ್ತಿ ಇಳಿಸಿದರೂ ವೋಲ್ಟೇಜ್ ಏರುತ್ತಲೇ ಹೋಗುತ್ತೆ. ಹಗಲು ಮೋಟಾರುಗಳು ಆ ಕೆವಿಎಆರ್ ಎಳೆದುಕೊಳ್ಳುತ್ತವೆ, ಅದಕ್ಕೇ ಗೊತ್ತಾಗಲ್ಲ. ಯಾರಾದರೂ ಎವಿಆರ್ ಸ್ಕ್ರೂ ತಿರುಗಿಸಿ ರಾತ್ರಿಗೆ ಸರಿಮಾಡಲು ಹೋದರೆ ಹಗಲು ವೋಲ್ಟೇಜ್ ಕುಸಿದು ಮೋಟಾರ್ ಬಿಸಿಯಾಗುತ್ತೆ.
ಇವತ್ತು ರಾತ್ರಿಗೆ ಕೆಪಾಸಿಟರ್ ಎಂಸಿಸಿಬಿ (ದೊಡ್ಡ ಬ್ರೇಕರ್) ಆಫ್ ಇಡಿ. ಆಮೇಲೆ ಕೆಪಾಸಿಟರ್ ಕಾಂಟ್ಯಾಕ್ಟರಿನ (ಕಾಯಿಲಿಗೆ ಕರೆಂಟ್ ಇದ್ದಾಗ ಮಾತ್ರ ಸೇರುವ ಸ್ವಿಚ್) ಕಾಯಿಲ್ ವೈರನ್ನು ಮೇನ್ಸ್ ಬ್ರೇಕರಿನ ಎನ್‌ಒ ಆಕ್ಸಿಲಿಯರಿ (ಬ್ರೇಕರ್ ಆನ್ ಇದ್ದಾಗ ಮಾತ್ರ ಸೇರುವ ಸಣ್ಣ ಕಾಂಟ್ಯಾಕ್ಟ್) ಮೂಲಕ ಕೊಡಿ. ಜನರೇಟರ್ ಮೇಲೆ ಹೋದ ತಕ್ಷಣ ಅದು ತಾನೇ ಬಿಡುತ್ತೆ. ಮೇನ್ಸ್ ವಾಪಸ್ ಬಂದಾಗ 60 ಸೆಕೆಂಡ್ ಟೈಮರ್ ಇರಲಿ. ಚಾರ್ಜ್ ಉಳಿದ ಕೆಪಾಸಿಟರಿಗೆ ಮತ್ತೆ ಸಪ್ಲೈ ಕೊಟ್ಟರೆ ಫ್ಯೂಸ್ ಹಾರುತ್ತೆ, ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತೆ.

ಹಾಸ್ಟೆಲ್ ವಾರ್ಡನ್: ನಮ್ಮ ಪವರ್ ಫ್ಯಾಕ್ಟರ್ (ಎಳೆಯುವ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.80, ಲೋಡ್ 80 ಕಿಲೋವ್ಯಾಟ್. 0.95ಕ್ಕೆ ತರಲು?

ಎನರ್ಜಿ ಮ್ಯಾನೇಜರ್: 35 ಕೆವಿಎಆರ್. ಎಪಿಎಫ್‌ಸಿ ಪ್ಯಾನೆಲ್ (ಲೋಡಿಗೆ ತಕ್ಕಷ್ಟು ಕೆಪಾಸಿಟರನ್ನು ತಾನೇ ಸೇರಿಸುವ, ತೆಗೆಯುವ ಪ್ಯಾನೆಲ್) ಹಾಕಿಸಿ, ಫಿಕ್ಸೆಡ್ ಬೇಡ.

ಕಚೇರಿ ಸಹಾಯಕ: 0.82 ಇದ್ದರೆ ಏನು ಮಾಡೋದು ಸರ್?

ಎನರ್ಜಿ ಮ್ಯಾನೇಜರ್: ಮೇಲೆ ಓದಿ.

ಶಾಲಾ ಗುಮಾಸ್ತ: (ಫಾರ್ವರ್ಡ್) "ಪ್ಲಗ್‌ಗೆ ಹಾಕುವ ಸೇವರ್ ಬಾಕ್ಸ್, ಬಿಲ್ ಅರ್ಧ!" ಆರ್ಡರ್ ಮಾಡಲೇ?

ಎನರ್ಜಿ ಮ್ಯಾನೇಜರ್: ಬೇಡ. ಒಳಗೆ ಒಂದು ಪುಟ್ಟ ಕೆಪಾಸಿಟರ್, ಒಂದು ಎಲ್‌ಇಡಿ. ಯೂನಿಟ್ ಮೀಟರ್ ಅದರಿಂದ ನಿಧಾನ ಆಗಲ್ಲ. ಅಗ್ಗದ್ದು ಕರಗಿ ಬೆಂಕಿ ಹತ್ತಬಹುದು. ಮಕ್ಕಳಿರುವ ಕಟ್ಟಡ ಅದು. ಇಂಥದ್ದನ್ನು ಇಲ್ಲಿಗೆ ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ.

ಹಾಸ್ಟೆಲ್ ವಾರ್ಡನ್: ಬಿಸಿನೀರಿಗೆ ಸೋಲಾರ್ ಸಾಕಲ್ವಾ?

ಪಾಲಿಟೆಕ್ನಿಕ್ ಉಪನ್ಯಾಸಕ: ಜುಲೈಯಲ್ಲಿ ಮಡಿಕೇರಿಯಲ್ಲಿ ಬಿಸಿಲೆಲ್ಲಿ? ಬ್ಯಾಕಪ್ ಹೀಟರೇ ಓಡುತ್ತೆ. 500 ಲೀಟರನ್ನು 18ರಿಂದ 50 ಡಿಗ್ರಿಗೆ ಏರಿಸಲು ಗೀಸರಿಗೆ ಸುಮಾರು 19 ಯೂನಿಟ್, ಹೀಟ್ ಪಂಪಿಗೆ (ಗಾಳಿಯ ಶಾಖ ಎಳೆದು ನೀರು ಕಾಯಿಸುವ ಯಂತ್ರ) 6–7.

ಗುತ್ತಿಗೆದಾರ: ಕರೆಂಟೇ ಇಲ್ಲದ ದಿನ ನಿಮ್ಮ ಪಂಪಿಂದ ಏನ್ ಬರುತ್ತೆ ಮಾರಾಯ್ರೆ? ಹಂಡೆ ಒಲೆಯೇ ಗತಿ.

ಪಾಲಿಟೆಕ್ನಿಕ್ ಉಪನ್ಯಾಸಕ: ಹಗಲು ಕಾಯಿಸಿ ಟ್ಯಾಂಕಲ್ಲಿ ಇಡಬಹುದು. ಲೆಕ್ಕ ಹಾಕಿ ಮಾತಾಡಿ.

ಗುತ್ತಿಗೆದಾರ: ನೀವು ಒಂದು ಸಲ ಹಾಸ್ಟೆಲಿಗೆ ಬಂದು ನೀರು ಕಾಯಿಸಿ ನೋಡಿ, ಆಮೇಲೆ ಲೆಕ್ಕ.

ಕಚೇರಿ ಸಹಾಯಕ: ಎನರ್ಜಿ ಆಡಿಟ್ ಟೆಂಡರಿನ ನಮೂನೆ ಇದ್ದರೆ ಹಾಕಿ ಸರ್. ಎರಡನೇ ಸಲ ಕೇಳ್ತಿದ್ದೀನಿ.

ಶಾಲಾ ಗುಮಾಸ್ತ: ಅರ್ತಿಂಗ್ ಮೊನ್ನೆ ಅಳೆಸಿದ್ವಿ, 2 ಓಮ್ ಬಂತು. ಸರೀನಾ?

ಎನರ್ಜಿ ಮ್ಯಾನೇಜರ್: ಜಡಿಮಳೆಯಲ್ಲಿ ಅಳೆದರೆ ಎಲ್ಲ ಅರ್ತಿಂಗ್ ಗುಂಡಿಯೂ ಚೆನ್ನಾಗೇ ತೋರಿಸುತ್ತೆ. ಮಾರ್ಚ್‌ನಲ್ಲಿ ಮಣ್ಣು ಒಣಗಿದಾಗ ಅಳೆಸಿ.

ಆಸ್ಪತ್ರೆ ಎಲೆಕ್ಟ್ರಿಷಿಯನ್: ಸರ್, ಎಂಸಿಸಿಬಿ ಆಫ್ ಮಾಡಿದೆ, 238ಕ್ಕೆ ಬಂತು. ಈಗಲೇ ವೈರಿಂಗ್ ಶುರು ಮಾಡಲೇ?

ಎನರ್ಜಿ ಮ್ಯಾನೇಜರ್: ಒದ್ದೆ ಕೈಯಲ್ಲಿ, ರಾತ್ರಿ ಹೊತ್ತು ಬೇಡ. ಬೆಳಿಗ್ಗೆ ಪ್ಯಾನೆಲ್ಲಿನ ಸಪ್ಲೈ ತೆಗೆದು 5 ನಿಮಿಷ ಬಿಡಿ. ಕೆಪಾಸಿಟರಿನ ಮೂರೂ ಟರ್ಮಿನಲ್ ಮೀಟರ್ ಇಟ್ಟು ನೋಡಿ, ಸೊನ್ನೆ ಬಂದ ಮೇಲೆ ಕೈ ಹಾಕಿ.