ಅನಬಾಲಿಕ್ ಸ್ಟೀರಾಯ್ಡ್ ಮತ್ತು ಮೂತ್ರಪಿಂಡ: ಕ್ರಿಯಾಟಿನಿನ್ ಒಂದನ್ನೇ ನೋಡಿದರೆ ಸಾಕೇ?

ಪ್ರಶ್ನೆ: ಹಲವು ವರ್ಷಗಳಿಂದ ಅನಬಾಲಿಕ್ ಸ್ಟೀರಾಯ್ಡ್ (ಸ್ನಾಯು ಬೆಳೆಸಲು ಬಳಸುವ ಹಾರ್ಮೋನ್ ಔಷಧ) ಬಳಸುತ್ತಿರುವ ನನ್ನ ತಮ್ಮನ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ, ಸ್ನಾಯುವಿನಿಂದ ಬರುವ ತ್ಯಾಜ್ಯ) ಮಟ್ಟ ಏರಿದೆ. ಅದು ಸ್ನಾಯು ಬೆಳೆದುದರ ಪರಿಣಾಮವಷ್ಟೇ ಎಂದು ಅವನು ವಾದಿಸುತ್ತಾನೆ, ಇದನ್ನು ನಂಬಬಹುದೇ?

ಉತ್ತರ 1: ಸ್ನಾಯು ಹೆಚ್ಚಿದ್ದಾಗ ಕ್ರಿಯಾಟಿನಿನ್ ಏರುವುದು ನಿಜವಾದರೂ ಅಷ್ಟರಿಂದಲೇ ನಿಶ್ಚಿಂತರಾಗಬಾರದು. ಮೂತ್ರಪಿಂಡದ ಕೆಲಸವನ್ನು ಅಳೆಯುವ, ಆದರೆ ಸ್ನಾಯುವಿನ ಗಾತ್ರವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ಎಂಬ ರಕ್ತ ಪರೀಕ್ಷೆಯನ್ನೂ, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂಬ ಪರೀಕ್ಷೆಯನ್ನೂ ಮಾಡಿಸಿ. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ಮುಖ್ಯ.

ಉತ್ತರ 2: 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೀರ್ಘಕಾಲ ಸ್ಟೀರಾಯ್ಡ್ ಬಳಸಿ ಮೂತ್ರಪಿಂಡದ ತೊಂದರೆಗೆ ಒಳಗಾಗಿದ್ದ 10 ದೇಹದಾರ್ಢ್ಯಪಟುಗಳ ಪೈಕಿ 9 ಮಂದಿಯಲ್ಲಿ, ರಕ್ತವನ್ನು ಸೋಸುವ ಸೂಕ್ಷ್ಮ ಗುಚ್ಛಗಳು ಕಲೆಗಟ್ಟಿದ್ದು ಕಂಡುಬಂದಿತ್ತು. ಬಳಕೆ ನಿಲ್ಲಿಸಿದ ಹಲವರಲ್ಲಿ ಪ್ರೋಟೀನ್ ಸೋರಿಕೆ ತಗ್ಗಿತು. ಮತ್ತೆ ಆರಂಭಿಸಿದವರೊಬ್ಬರಲ್ಲಿ ಅದು ಮರುಕಳಿಸಿತು.

ಉತ್ತರ 3: ರಕ್ತದೊತ್ತಡವನ್ನೂ ಪರೀಕ್ಷಿಸಿ. ಹಠಾತ್ತನೆ ನಿಲ್ಲಿಸಿದರೆ ದೇಹದ ಸ್ವಂತ ಟೆಸ್ಟೊಸ್ಟೆರಾನ್ ಕೆಲಕಾಲ ಕುಸಿದಿರುತ್ತದೆಯಾದ್ದರಿಂದ, ದಯವಿಟ್ಟು ತಜ್ಞ ವೈದ್ಯರಿಗೆ ಏನನ್ನೂ ಮುಚ್ಚಿಡದೆ ತಿಳಿಸಿ, ಅವರ ಮೇಲ್ವಿಚಾರಣೆಯಲ್ಲೇ ಬಿಡಿಸಿ.