ಮೆಣಸಿನ ಗೋದಾಮಿನಲ್ಲಿ ಸಿಕ್ಕ ಕೂದಲು ಯಾರದೆಂದು ಹೇಳಬಹುದೇ?

ತೋಟದಮನೆ, ಸಿದ್ದಾಪುರ

ಹೋದ ವಾರ ನಮ್ಮ ಗೋದಾಮಿನಿಂದ ಎರಡು ಚೀಲ ಕರಿಮೆಣಸು ಕಳವಾಯಿತು. ಬಾಯಿ ಬಿಚ್ಚಿ ಬಿಟ್ಟುಹೋಗಿದ್ದ ಮೂರನೆಯ ಚೀಲದಲ್ಲಿ ಒಂದು ಕೂದಲು ಸಿಕ್ಕಿತು. ಮೊಳದುದ್ದ, ಕಪ್ಪು, ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು. ಲೈನ್ ಮನೆಯ, ಅಂದರೆ ತೋಟದ ಕೂಲಿಕಾರರ ಸಾಲುಮನೆಯ, ಒಬ್ಬ ಹೆಂಗಸಿನದೇ ಅದು ಎಂದು ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಹಟ ಹಿಡಿದಿದ್ದಾರೆ. ಆಕೆ ಹದಿನಾಲ್ಕು ವರ್ಷದಿಂದ ನಮ್ಮಲ್ಲಿದ್ದಾರೆ. ಎರಡು ದಿನದಿಂದ ಆಕೆಯೂ ಕೆಲಸಕ್ಕೆ ಬಂದಿಲ್ಲ, ಮಗಳೂ ಬಂದಿಲ್ಲ. ಪೊಲೀಸರಿಗೆ ಕಳವಿನ ದೂರು ಕೊಟ್ಟಾಗಿದೆ, ಕೂದಲಿನ ಮಾತು ಎತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ, ನನಗೆ ನಿದ್ದೆ ಬರುತ್ತಿಲ್ಲ.

ನಿವೃತ್ತ, ಮಡಿಕೇರಿ

ಅಮ್ಮ, ಮೊದಲು ಆಕೆಯನ್ನು ಕೆಲಸಕ್ಕೆ ಕರೆಯಿರಿ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕುಳಿತವನು ಹೇಳುತ್ತಿದ್ದೇನೆ.

ಕೂದಲಿಗೆ ಮೂರು ಪದರ. ಹೊರಗೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕುಳಿತ ಹುರುಪೆಗಳು, ಅದರೊಳಗೆ ಬಣ್ಣ ತುಂಬಿದ ಕಾರ್ಟೆಕ್ಸ್, ನಟ್ಟನಡುವೆ ಮೆಡುಲ್ಲಾ ಎಂಬ ತಿರುಳು. ಮನುಷ್ಯರಲ್ಲಿ ಈ ತಿರುಳು ಕೂದಲಿನ ಅಗಲದ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಕೆಲವರಲ್ಲಿ ಇರುವುದೇ ಇಲ್ಲ. ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು. ಹೀಗಾಗಿ ಮನುಷ್ಯರದೋ ನಾಯಿಯದೋ, ಬಣ್ಣ ಹಚ್ಚಿದ್ದೋ ಇಲ್ಲವೋ ಎಂದು ಹೇಳಬಹುದು. ‘ಇದು ಇಂಥ ಹೆಂಗಸಿನದು’ ಎನ್ನುವ ಗುರುತು ಮಾತ್ರ ಆ ಪದರಗಳಲ್ಲಿ ಎಲ್ಲಿಯೂ ಇಲ್ಲ.

ನೀವು ಹೇಳಿದ ಬಿಳಿ ಗುಂಡೇ ಇಲ್ಲಿ ಮುಖ್ಯ. ಬೆಳೆಯುತ್ತಿರುವ ಕೂದಲನ್ನು ಕಿತ್ತರೆ ಬುಡಕ್ಕೆ ಅಂಟಿನಂಥ ಪೊರೆ ಹತ್ತಿಕೊಂಡು ಬರುತ್ತದೆ. ಒಣಗಿದ ಗುಂಡು ಇದ್ದರೆ ಅದು ಆಯಸ್ಸು ಮುಗಿದು ತಾನಾಗಿ ಉದುರಿದ್ದು. ಅಂಥವು ದಿನಕ್ಕೆ ಐವತ್ತರಿಂದ ನೂರು ಪ್ರತಿಯೊಬ್ಬರ ತಲೆಯಿಂದ ಉದುರುತ್ತವೆ. ಕಣದಲ್ಲಿ ಮೆಣಸು ಒಣಗಿಸಿ, ಗಾಳಿಗೆ ತೂರಿ, ಚೀಲಕ್ಕೆ ತುಂಬಿದವರು ಯಾರು? ಆ ಹೆಂಗಸರೇ ಅಲ್ಲವೇ? ಅವರ ಕೂದಲು ಚೀಲದಲ್ಲಿ ಸಿಗದಿದ್ದರೆ ಆಶ್ಚರ್ಯಪಡಬೇಕಿತ್ತು.

ಕುಶಾಲನಗರದಿಂದ

ಡಿಎನ್‌ಎ ಪರೀಕ್ಷೆ ಇದೆಯಲ್ಲ ಸರ್, ಮಾಡಿಸಿಬಿಟ್ಟರೆ ಮುಗಿಯಿತು.

ನಿವೃತ್ತ, ಮಡಿಕೇರಿ

ಅಷ್ಟು ಸುಲಭವಿಲ್ಲ. ಒಬ್ಬ ವ್ಯಕ್ತಿಯನ್ನು ಗುರುತಿಸುವ ಡಿಎನ್‌ಎ ಚೆನ್ನಾಗಿ ಸಿಗುವುದು ಬುಡದ ಆ ಪೊರೆಯಲ್ಲಿ. ತಾನಾಗಿ ಉದುರಿದ ಕೂದಲಲ್ಲಿ ಹೆಚ್ಚಾಗಿ ಸಿಗುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಎಂಬ ಪುಟ್ಟ ಅಂಗದ ಡಿಎನ್‌ಎ. ಅದು ತಾಯಿಯಿಂದ ಮಕ್ಕಳಿಗೆ ಬರುವಂಥದ್ದು. ತಾಯಿ, ಮಗಳು, ಅಕ್ಕತಂಗಿಯರಲ್ಲಿ ಸಾಮಾನ್ಯವಾಗಿ ಒಂದೇ. ತಾಯಿಮಗಳು ಇಬ್ಬರೂ ಅದೇ ಕಣದಲ್ಲಿ ದುಡಿದಿರುವಾಗ ಆ ಪರೀಕ್ಷೆ ಯಾರೆಂದು ಹೇಳೀತು? ಹೊಂದದಿದ್ದರೆ ‘ಇವರದಲ್ಲ’ ಎಂದು ಬಿಡಿಸಲು ಖಂಡಿತ ನೆರವಾಗುತ್ತದೆ. ಕೂದಲಿನ ದೊಡ್ಡ ಉಪಯೋಗ ಅದೇ ಎಂದು ನಾನು ನಂಬಿದ್ದೇನೆ.

ಕಣ್ಣಳತೆಯ ಹೋಲಿಕೆ ನಂಬಿ ಏನಾಯಿತೆಂದೂ ತಿಳಿದಿರಲಿ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನ್ನ ಹಳೆಯ ಪ್ರಕರಣಗಳನ್ನು ಮತ್ತೆ ತೆಗೆದು ನೋಡಿ 2015ರಲ್ಲಿ ಒಪ್ಪಿಕೊಂಡಿತು: ಕೂದಲಿನ ಹೋಲಿಕೆಯನ್ನು ಆರೋಪಿಯ ವಿರುದ್ಧ ಬಳಸಿದ್ದ 268 ವಿಚಾರಣೆಗಳಲ್ಲಿ ಶೇಕಡಾ 95ಕ್ಕೂ ಹೆಚ್ಚು ಕಡೆ ತಜ್ಞರ ಸಾಕ್ಷ್ಯದಲ್ಲಿ ತಪ್ಪು ಹೇಳಿಕೆಗಳಿದ್ದವು. ಆ ಆರೋಪಿಗಳಲ್ಲಿ ಮರಣದಂಡನೆಗೆ ಗುರಿಯಾದವರೂ ಇದ್ದರು. ಅದನ್ನು ಓದಿದ ರಾತ್ರಿ ನಾನು ಸಹಿ ಹಾಕಿದ ವರದಿಗಳೆಲ್ಲ ಕಣ್ಣ ಮುಂದೆ ಬಂದವು.

ಪೊನ್ನಂಪೇಟೆ

ಒಂದು ಸೇರಿಸುತ್ತೇನೆ. ಕೂದಲನ್ನು ಪ್ಲಾಸ್ಟಿಕ್ಕಿನಲ್ಲಿ ಇಡಬೇಡಿ, ತೇವ ಹಿಡಿಯುತ್ತದೆ; ನಮ್ಮ ಮಳೆಗಾಲದಲ್ಲಂತೂ ಬೂಷ್ಟೇ ಬರುತ್ತದೆ. ಬಿಳಿ ಕಾಗದದಲ್ಲಿ ಮಡಚಿ, ದಿನಾಂಕ ಬರೆದು, ಪೊಲೀಸರಿಗೆ ಕೊಡಿ.

ತೋಟದಮನೆ, ಸಿದ್ದಾಪುರ

ಅಣ್ಣ, ಬೆಳಿಗ್ಗೆ ನಾನೇ ಲೈನ್ ಮನೆಗೆ ಹೋಗಿ ಬಂದೆ. ಆಕೆ ಬಾಗಿಲು ತೆರೆದರು, ಬಹಳ ಹೊತ್ತು ಮಾತನಾಡಲಿಲ್ಲ. ಎರಡು ದಿನದ ಕೂಲಿ ಇಬ್ಬರಿಗೂ ಕೊಡುತ್ತೇನೆ ಎಂದೆ. ಕೂದಲನ್ನು ರೈಟರ್ ಕಿಸೆಯಿಂದ ತೆಗೆಸಿ ಕಾಗದದಲ್ಲಿ ಮಡಚಿದ್ದೇನೆ. ಮಧ್ಯಾಹ್ನ ಠಾಣೆಗೆ ಹೋಗುವಾಗ, ಗೋದಾಮಿನ ಕೀಲಿ ಯಾರ ಯಾರ ಕೈಯಲ್ಲಿ ಇತ್ತೆಂಬ ಪಟ್ಟಿಯನ್ನೂ ಒಯ್ಯುತ್ತೇನೆ.